ಚೀಲದ ಮೇಲೂ ದಾರಿಯ ಮೇಲೂ ಅನುಮಾನ

ಗಾಡಿ ನಿಲ್ಲಿಸಿದೊಡನೆ ನನ್ನ ಎಡಗೈ ನನ್ನನ್ನು ಕೇಳದೆ ಹಿಂದಕ್ಕೆ ಹೋಗುತ್ತದೆ. ಕಟ್ಟಿದ ಚೀಲ ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡುವ ಅಭ್ಯಾಸ ಅದು. ಚೀಲವೇ ಕಟ್ಟಿರದ ದಿನವೂ ಕೈ ಹೋಗುತ್ತದೆ. ಹಿಂದೊಮ್ಮೆ ನಮ್ಮ ಬಾಗಲಕೋಟೆಯ ಪೆಟ್ರೋಲ್ ಬಂಕಿನಲ್ಲಿ ಹೀಗೆಯೇ ಹಿಂದೆ ತಟ್ಟಿದರೆ ಚೀಲದ ಬದಲು ಹೆಂಡತಿಯ ಮೊಣಕಾಲು ಸಿಕ್ಕಿತು. “ಎಲ್ಲೂ ಬಿದ್ದಿಲ್ರಿ, ಇಲ್ಲೇ ಅದೀನಿ,” ಎಂದಳು ಗಿರಿಜಾ. ಪೆಟ್ರೋಲ್ ಹಾಕುತ್ತಿದ್ದವನು ನಕ್ಕ. ನಾನು ನಗಲಿಲ್ಲ. ಯಂತ್ರದ ಮೇಲೆ ಸೊನ್ನೆ ಬಂದಿತ್ತೋ ಇಲ್ಲವೋ ಎಂದು ನೋಡುತ್ತಿದ್ದೆ. ಆ ಸೊನ್ನೆಯ ಮೇಲೂ ನನಗೆ ಅನುಮಾನವಿದೆ.

ಇದೆಲ್ಲ ಅಪ್ಪನಿಂದ ಬಂದದ್ದು. ಅಪ್ಪ ಗುಳೇದಗುಡ್ಡದ ಖಣ ಮಾರುತ್ತಿದ್ದ. ಕುಪ್ಪಸಕ್ಕೆ ಹೆಂಗಸರು ಆಸೆಪಟ್ಟು ಕೊಳ್ಳುವ ಆ ಬಟ್ಟೆಯ ಗಂಟನ್ನು ಸೈಕಲ್ಲಿನ ಕ್ಯಾರಿಯರಿಗೆ ಹಳೆಯ ಟ್ಯೂಬಿನಿಂದ ಬಿಗಿದುಕೊಂಡು ಸಂತೆಯಿಂದ ಸಂತೆಗೆ ತಿರುಗುತ್ತಿದ್ದ. ಒಂದು ಸಲ ಕಮತಗಿಯ ಹತ್ತಿರ ಟ್ಯೂಬು ಹರಿದು ಗಂಟು ಎಲ್ಲೋ ಬಿದ್ದುಹೋಯಿತು. ತಿರುಗಿ ಬಂದು ಹುಡುಕಿದರೆ ರಸ್ತೆ ಗುಡಿಸಿಟ್ಟ ಅಂಗಳದ ಹಾಗಿತ್ತು. ಆಮೇಲೆ ಎಷ್ಟೋ ದಿನ ಆ ಕಡೆಯ ಯಾವ ಹೆಂಗಸು ಹೊಸ ಕುಪ್ಪಸ ತೊಟ್ಟು ಎದುರು ಬಂದರೂ ಅಪ್ಪ ನಿಂತು ಬಟ್ಟೆಯ ನೇಯ್ಗೆಯನ್ನೇ ದಿಟ್ಟಿಸುತ್ತಿದ್ದ. ಒಬ್ಬಾಕೆ ಸೆರಗೆಳೆದುಕೊಂಡು ಎಲ್ಲರ ಎದುರಿಗೆ ಅವನ ಜನ್ಮ ಜಾಲಾಡಿದಳಂತೆ. ಅಂದಿನಿಂದ ಅಪ್ಪ ಬಟ್ಟೆ ನೋಡುವುದನ್ನು ಬಿಟ್ಟು ನನ್ನನ್ನು ಸಂತೆಗೆ ಕರೆದೊಯ್ಯತೊಡಗಿದ. ನನ್ನನ್ನು ಕ್ಯಾರಿಯರಿನ ತುದಿಯಲ್ಲಿ ಹಿಮ್ಮುಖವಾಗಿ ಕೂಡಿಸುತ್ತಿದ್ದ. ಗಂಟು ಕಾಯುವುದು ನನ್ನ ಕೆಲಸ. ಹೀಗಾಗಿ ನಾನು ಬಾಲ್ಯದಲ್ಲಿ ಕಂಡ ಊರುಗಳೆಲ್ಲ ದೂರ ಹೋಗುತ್ತಿದ್ದ ಊರುಗಳೇ. ಒಂದು ಊರು ಹತ್ತಿರ ಬರುವುದು ಹೇಗಿರುತ್ತದೆಂದು ನನಗೆ ಗೊತ್ತಾದದ್ದು ಸ್ವಂತ ಸೈಕಲ್ ಕಲಿತ ಮೇಲೆ.

ಮುಂದೆ ನೌಕರಿಯೂ ಇದೇ ಗುಣಕ್ಕೆ ಗೊಬ್ಬರ ಹಾಕಿತು. ನಾನು ಸರಕಾರದ ಸರ್ವೇಯರ್ ಆಗಿದ್ದೆ. ಹೊಲದ ಗಡಿಕಲ್ಲುಗಳಿಗೆ ಕಾಲುಗಳಿರುವುದನ್ನು, ಅವು ಮಳೆಗಾಲದಲ್ಲಿ ಸರಿಯಾಗಿ ಪಕ್ಕದವನ ಹೊಲದ ಕಡೆಗೇ ನಡೆಯುವುದನ್ನು ಕಂಡವನು ನಾನು. ಎಡಗಣ್ಣು ಮುಚ್ಚಿ, ಬಲಗಣ್ಣನ್ನು ದುರ್ಬೀನಿಗೆ ಹಚ್ಚಿ, ಅದು ಹೇಳಿದ್ದನ್ನಷ್ಟೇ ಬರೆದುಕೊಳ್ಳುತ್ತಿದ್ದೆ. ಅಣ್ಣ ಹೇಳಿದ್ದು, ತಮ್ಮ ಹೇಳಿದ್ದು, ಊರಗೌಡ ಹೇಳಿದ್ದು, ಯಾವುದನ್ನೂ ನಂಬುತ್ತಿರಲಿಲ್ಲ. ನಕಾಶೆಯನ್ನಂತೂ ಮೊದಲೇ ಇಲ್ಲ, ಏಕೆಂದರೆ ನಕಾಶೆ ಬರೆಯುವವರಲ್ಲಿ ನಾನೂ ಒಬ್ಬನಾಗಿದ್ದೆ.

ಇಂಥವನು ನಿವೃತ್ತನಾದ ಮೇಲೆ ಗಾಡಿಗೆ ಚೀಲ ಕೊಳ್ಳಲು ಹೋದದ್ದು ಹೇಗೆಂದರೆ, ಹುನಗುಂದದಲ್ಲಿರುವ ನನ್ನ ಅಕ್ಕನ ಮೊಮ್ಮಗಳ ಮದುವೆ ಗೊತ್ತಾಯಿತು. ಸೀರೆಗಳನ್ನು ಇಳಕಲ್ಲಿನಲ್ಲಿ ನೇಯುವವರ ಮನೆಯಿಂದಲೇ ಆರಿಸಿ ತರುವ ಕೆಲಸ ಗಿರಿಜಾಳ ಪಾಲಿಗೆ ಬಂತು. ಬಾದಾಮಿಗೆ ಹೋಗಿ ಅವಳ ತಂಗಿ ನೀಲಾಳ ಮನೆಯಲ್ಲಿ ಒಂದು ದಿನ ಇದ್ದು, ಅಲ್ಲಿಂದ ಕಮತಗಿಯ ಮೇಲೆ ಹುನಗುಂದಕ್ಕೆ, ಆಮೇಲೆ ಇಳಕಲ್ಲಿಗೆ, ಹೀಗೆ ಒಂದು ಸುತ್ತು ಹಾಕುವುದೆಂದಾಯಿತು. ಬಸ್ಸು ಬೇಡ, ಗಾಡಿಯ ಮೇಲೆ ಹೋಗೋಣ ಎಂದೆ. ಗಿರಿಜಾ ಸ್ವಲ್ಪ ಹೊತ್ತು ನನ್ನ ಮುಖ ನೋಡಿದಳು.

“ಹಂಗಾದ್ರ ಗಾಡಿಗೆ ಒಂದು ಛಲೋ ಚೀಲ ತಗೊಳ್ರಿ. ಮತ್ತ, ದಾರಿ ಹೇಳ್ತೈತಲ್ಲ ಫೋನು, ಅದನ್ನ ಹಚ್ಚಿಸ್ರಿ.”

“ಬಾದಾಮಿ ದಾರಿ ನನಗ ಫೋನ್ ಹೇಳಬೇಕೇನು? ಆ ದಾರಿ ಅಳದಾಂವ ನಾ.”

“ಅಳದೀರಿ. ಆದ್ರೂ ಹಚ್ಚಿಸ್ರಿ.”

ಅಂಗನವಾಡಿಯಲ್ಲಿ ಕೂಸುಗಳನ್ನು ಸಂಭಾಳಿಸಿ ಸಂಭಾಳಿಸಿ ಅವಳಿಗೆ ಇದೊಂದು ಕಲೆ ಸಿದ್ಧಿಸಿದೆ. ದನಿ ಏರಿಸದೆ ಅದೇ ಮಾತನ್ನು ಮತ್ತೆ ಹೇಳುತ್ತಾಳೆ. ಫೋನೆಂದರೆ ಮೂಗು ಮುರಿಯುವ ಹೆಂಗಸಿಗೆ ಈ ಹಟ ಎಲ್ಲಿಂದ ಬಂತೆಂದು ನನಗೆ ಅನುಮಾನ ಬಂತು. ನೀಲಾ ಕಿವಿಯೂದಿರಬೇಕು ಎಂದುಕೊಂಡೆ.

ಚೀಲದ ಅಂಗಡಿಯಲ್ಲಿ ನಾನು ಮಾಡಿದ್ದನ್ನು ನೆನೆದರೆ ಗಿರಿಜಾ ಈಗಲೂ ಸೆರಗನ್ನು ಬಾಯಿಗೆ ಒತ್ತಿಕೊಳ್ಳುತ್ತಾಳೆ. ಅಂಗಡಿಯವನು ಮೊದಲು ಟ್ಯಾಂಕಿನ ಮೇಲೆ ಕೂಡಿಸುವ ಚೀಲ ತೋರಿಸಿದ. ತಳದಲ್ಲಿ ಅಯಸ್ಕಾಂತವಿದೆ, ಎಂಥ ತಗ್ಗಿನಲ್ಲೂ ಕದಲುವುದಿಲ್ಲ ಎಂದ. ನಾನು ಜೇಬಿನಿಂದ ದಿಕ್ಸೂಚಿ ತೆಗೆದೆ. ನೌಕರಿ ಹೋದರೂ ಅದು ನನ್ನ ಜೇಬು ಬಿಟ್ಟಿಲ್ಲ. ಚೀಲದ ಹತ್ತಿರ ಹಿಡಿದರೆ ಮುಳ್ಳು ಹುಚ್ಚು ಹಿಡಿದಂತೆ ಗಿರಗಿರ ತಿರುಗಿತು.

“ದಿಕ್ಕು ಕೆಡಸೋ ಚೀಲ ಇದು,” ಎಂದೆ.

“ಸಾಹೇಬ್ರ, ಇಂಥಾ ಪರೀಕ್ಷಾ ಇಲ್ಲಿತನ ಯಾರೂ ಮಾಡಿಲ್ರಿ,” ಎಂದ ಅವನು, ಹೊಗಳಿದನೋ ಬೈದನೋ ತಿಳಿಯದ ಹಾಗೆ.

ಹಿಂದೆ ಕೂಡಿಸುವ ಗಟ್ಟಿ ಪೆಟ್ಟಿಗೆ ತೋರಿಸಿದ. ಅದರ ಕೀಲಿಕೈ ಎಷ್ಟು ಸಣ್ಣದಿತ್ತೆಂದರೆ ಗಿರಿಜಾಳ ತಲೆಪಿನ್ನಿನಿಂದಲೂ ತೆಗೆಯಬಹುದೆನಿಸಿತು. ತೆಗೆದು ನೋಡಲೇ ಎಂದು ಪಿನ್ನು ಕೇಳಿದೆ. ಅವಳು ಕೊಡಲಿಲ್ಲ. ಕೊನೆಗೆ ಸೀಟಿನ ಎರಡೂ ಮಗ್ಗುಲಿಗೆ ಇಳಿಬಿಡುವ ಜೋಡಿ ಚೀಲಕ್ಕೆ ಬಂದೆವು. ನೀರು ಇಳಿಯುವುದಿಲ್ಲ ಎಂದ. ನನ್ನ ಕರವಸ್ತ್ರ ಒಳಗಿಟ್ಟು, ಜಿಪ್ಪು ಎಳೆದು, ಬಾಟಲಿಯ ನೀರನ್ನು ಅಲ್ಲಿಯೇ ಸುರಿದೆ. ಅಂಗಡಿಯ ನೆಲವೆಲ್ಲ ತೊಯ್ದಿತು, ಕರವಸ್ತ್ರ ತೊಯ್ಯಲಿಲ್ಲ. ಆಗ ನನಗೆ ಇನ್ನೊಂದು ಅನುಮಾನ. ತೋರಿಸಲಿಕ್ಕೆಂದೇ ಒಂದು ಒಳ್ಳೆಯ ಚೀಲ ಇಟ್ಟಿರುತ್ತಾರಲ್ಲ! ರಾಶಿಯ ತಳದಿಂದ ಬೇರೊಂದು ಜೋಡಿ ಎಳೆದು ಅದಕ್ಕೂ ಸುರಿಯಲು ಹೋದೆ. ಅಷ್ಟರಲ್ಲಿ ಗಿರಿಜಾ ಬಾಟಲಿ ಕಸಿದುಕೊಂಡು ಉಳಿದ ನೀರನ್ನು ತಾನೇ ಕುಡಿದುಬಿಟ್ಟಳು.

ಒಂದು ತೊಡಕಿತ್ತು. ಸೀರೆ ಉಟ್ಟವರು ಎರಡೂ ಕಾಲನ್ನು ಎಡಕ್ಕೇ ಇಳಿಬಿಟ್ಟು ಕೂಡುತ್ತಾರೆ. ಎಡಗಡೆ ಚೀಲ ಕಟ್ಟಿದರೆ ಗಿರಿಜಾಳ ಕಾಲಿಗೆ ಜಾಗವಿಲ್ಲ.

“ಅಕ್ಕಾರ, ಆ ಕಡಿ ಒಂದು ಈ ಕಡಿ ಒಂದು ಕಾಲು ಹಾಕಿ ಕುಂತ್ರ ಎರಡೂ ಕಟ್ಟಬಹುದ್ರಿ,” ಎಂದ ಅಂಗಡಿಯವನು.

“ಸೀರ್ಯಾಗ?” ಎಂದಳು ಗಿರಿಜಾ. ಮಾತು ಅಲ್ಲಿಗೇ ಮುಗಿಯಿತು. ಬಲಚೀಲ ಗಾಡಿಗೇರಿತು, ಎಡಚೀಲ ಮನೆಯ ಮಂಚದ ಕೆಳಗೆ ಸೇರಿತು.

ಫೋನನ್ನು ಹ್ಯಾಂಡಲ್ಲಿಗೆ ಕಚ್ಚಿಸುವ ಹಿಡಿಕೆಯನ್ನೂ, ಹೆಲ್ಮೆಟ್ಟಿನ ಒಳಗೆ ಕಿವಿಗೆ ಸಿಗಿಸುವ ಬಿಲ್ಲೆಯನ್ನೂ ಅವನೇ ಹಚ್ಚಿಕೊಟ್ಟ. ಅಂದಿನಿಂದ ನಮ್ಮ ಸಂಸಾರದಲ್ಲಿ ಮೂರನೆಯ ದನಿಯೊಂದು ಸೇರಿತು. ಹೆಣ್ಣುದನಿ. ಕನ್ನಡವೇನೋ ಕನ್ನಡವೇ, ಆದರೆ ಯಾವ ಊರಿನದೆಂದು ಹೇಳಲಾಗದ ಕನ್ನಡ. ಕಮತಗಿಯನ್ನು ‘ಕಮಟಾಗಿ’ ಎನ್ನುತ್ತಿತ್ತು. ಊರಿನ ಹೆಸರೇ ಸರಿಯಾಗಿ ಬಾರದವಳು ಊರಿನ ದಾರಿ ಹೇಗೆ ಬಲ್ಲಳು? ಆಕೆ ಎಡಕ್ಕೆಂದರೆ ನಾನು ಮೊದಲು ಬಲಕ್ಕೆ ನೋಡುತ್ತಿದ್ದೆ. ಗುಳೇದಗುಡ್ಡದ ಮೇಲೆ ಬಾದಾಮಿಗೆ ಹೋಗುವ ದಾರಿಯಲ್ಲಿ ಆಕೆ ನಾಲ್ಕಾರು ಸಲ ‘ಹೊಸ ದಾರಿ ಹುಡುಕುತ್ತಿದ್ದೇನೆ’ ಎಂದಳು. ಕೊನೆಕೊನೆಗೆ ದನಿಯಲ್ಲಿ ಬೇಸರ ಕೇಳಿಸಿತೆಂದು ನನಗೆ ಈಗಲೂ ಅನುಮಾನ.

ನೀಲಾ ಬಾದಾಮಿಯ ಹತ್ತಿರದ ಹಳ್ಳಿಯೊಂದರ ಸಾಲೆಯಲ್ಲಿ ಶಿಕ್ಷಕಿ. ನನ್ನದರಂಥದೇ ಗೇರಿನ ಗಾಡಿಯ ಮೇಲೆ ದಿನಾ ಓಡಾಡುತ್ತಾಳೆ. ಅವಳ ಮನೆ ಮುಟ್ಟಿದಾಗ ಅಕ್ಕತಂಗಿಯರು ಅಡಿಗೆಮನೆಯಲ್ಲಿ ಏನೋ ಪಿಸುಗುಟ್ಟಿದರು. ನಾನು ನೀರು ಕುಡಿಯುವ ನೆಪದಿಂದ ಒಳಗೆ ಹೋದರೆ ಮಾತು ಚಟ್ನಿಗೆ ಹೊರಳಿತು. ಊಟಕ್ಕೆ ಕೂತಾಗ ನೀಲಾ, “ಮಾಮಾ, ಆ ಕ್ಯಾಲೆಂಡರದಾಗ ದಸರಾ ಸೂಟಿ ಯಾವತ್ತಿಂದ ಐತಿ ನೋಡ್ರಿ,” ಎಂದಳು. ನಾನು ಅತ್ತ ನೋಡಿ, “ನಿಮ್ಮ ಸಾಲಿ ಸೂಟಿ ನನಗೇನ್ ಕೇಳ್ತಿ?” ಎಂದು ರೊಟ್ಟಿ ಮುರಿದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನ್ನ ವಿರುದ್ಧ ಏನೋ ನಡೆದಿದೆ ಎನ್ನುವುದು ಖಾತ್ರಿಯಾಯಿತು.

ಮರುದಿನ ಬೆಳಿಗ್ಗೆ ಹುನಗುಂದಕ್ಕೆ ಹೊರಟೆವು. ಗುಳೇದಗುಡ್ಡ ದಾಟಿದ ಮೇಲೆ ಎಳೆಬಿಸಿಲು ನೇರ ಮುಖಕ್ಕೆ ಬಡಿಯುತ್ತಿತ್ತು; ಹಳೆಯ ರೂಢಿಯಂತೆ ಎಡಗಣ್ಣು ಮುಚ್ಚಿಕೊಂಡಿದ್ದೆ. ಇತ್ತೀಚೆಗೆ ಬಿಸಿಲೂ ಮೊದಲಿನಂತಿಲ್ಲ, ಯಾರೋ ಅದರಲ್ಲಿ ಹಿಟ್ಟು ಕಲಸಿದಂತೆ ಇರುತ್ತದೆ ಎಂದುಕೊಳ್ಳುತ್ತ ಹೋಗುತ್ತಿದ್ದೆ. ಕಿವಿಯಲ್ಲಿದ್ದವಳು ‘ನೇರವಾಗಿ ಹೋಗಿ’ ಎಂದಳು. ನಾನು ನೇರವಾಗಿ ಹೋದೆ. ಇಡೀ ಪ್ರವಾಸದಲ್ಲಿ ತಕರಾರಿಲ್ಲದೆ ಆಕೆಯ ಮಾತು ಕೇಳಿದ್ದು ಅದೊಂದೇ ಸಲ.

“ರೀ! ನಿಲ್ಲಸ್ರಿ! ನಿಲ್ಲಸ್ರಿ!”

ಗಿರಿಜಾ ಹಾಗೆ ಕೂಗಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ಎರಡೂ ಬ್ರೇಕು ಒತ್ತಿದೆ. ಗಾಡಿ ಜಾರಿ, ಹೊರಳಿ, ಒಂದು ಕಡೆಗೆ ವಾಲಿ ನಿಂತಿತು. ನನ್ನ ಕಾಲು ಊರಿದ ಜಾಗದಿಂದ ಒಂದು ಮಾರು ಮುಂದೆ ರಸ್ತೆಯೇ ಇರಲಿಲ್ಲ. ಹಳ್ಳದ ಸೇತುವೆ ಒಡೆದು ಹೊಸದಾಗಿ ಕಟ್ಟುತ್ತಿದ್ದರು. ಕೆಳಗೆ ಕಬ್ಬಿಣದ ಸರಳುಗಳು ಮೇಲ್ಮುಖವಾಗಿ ನಿಂತಿದ್ದವು. ಬಲಚೀಲದ ಒಂದು ಪಟ್ಟಿ ಕಿತ್ತು ಬಂದಿತ್ತು.

ಮೊದಲು ಬಂದದ್ದು ಸಿಟ್ಟೇ. “ನೋಡಿದ್ಯಾ? ನೇರ ಹೋಗ್ರಿ ಅಂದ್ಲು ಆಕಿ! ನೇರ ಮ್ಯಾಲಕ್ಕ ಕಳಸಾಕ ಹತ್ತಿದ್ಲು!”

ಗಿರಿಜಾ ಇಳಿದು ನಿಂತಿದ್ದಳು. “ಆಕೀನ್ನ ಯಾಕ ಬೈತೀರಿ? ಹಿಂದ ಬೋರ್ಡ್ ಇತ್ತಲ್ಲ.”

“ಎಲ್ಲಿ?”

“ಎಡಕ್ಕ. ಹಳದಿ ಬೋರ್ಡ್. ನಮ್ಮ ಮನಿ ಬಾಗಲದಷ್ಟು ಐತಿ.”

ಅಂಥ ಬೋರ್ಡೇ ಇರಲಿಲ್ಲ ಎಂದು ವಾದಿಸಿದೆ. ಇದ್ದರೂ ಎಲೆಯ ಮರೆಯಲ್ಲಿ ಇಟ್ಟಿರುತ್ತಾರೆ, ಗುತ್ತಿಗೆದಾರರ ಬುದ್ಧಿ ನನಗೆ ಗೊತ್ತು ಎಂದೆ. ಅವಳು ಬಂದ ದಾರಿಯಲ್ಲಿ ಹಿಂದಕ್ಕೆ ನಡೆದಳು. ನಾನೂ ಹೋದೆ. ಬಯಲಿನಲ್ಲಿ ಯಾವ ಗಿಡದ ಮರೆಯೂ ಇಲ್ಲದೆ ಬೋರ್ಡು ನಿಂತಿತ್ತು. ಸೇತುವೆ ಕೆಲಸ ನಡೆದಿದೆ, ಬಲಬದಿಯ ಕಚ್ಚಾ ರಸ್ತೆಯಲ್ಲಿ ಹೋಗಿ ಎಂದು ಮೊಳದುದ್ದದ ಅಕ್ಷರಗಳು.

“ಎಡಗಣ್ಣು ಮುಚ್ಚಿ ಓದ್ರಿ,” ಎಂದಳು ಗಿರಿಜಾ.

ನೌಕರಿಯುದ್ದಕ್ಕೂ ಮುಚ್ಚಿದ ಹಾಗೆ ಎಡಗಣ್ಣು ಮುಚ್ಚಿದೆ. ಬೋರ್ಡು ಮಾಯವಾಯಿತು. ಹಳದಿ ಇರಬೇಕಾದಲ್ಲಿ ಹಾಲಿನಂಥ ಮಬ್ಬೊಂದು ತುಂಬಿಕೊಂಡಿತ್ತು. ಒರೆಸಿಕೊಂಡು ನೋಡಿದೆ, ಕನ್ನಡಕ ತೆಗೆದು ನೋಡಿದೆ. ಮಬ್ಬು ಅಲ್ಲಿಯೇ ಇತ್ತು. ಎಷ್ಟೋ ಜನರ ಹೊಲದ ಗಡಿಯನ್ನು ನಾನು ಗುರುತಿಸಿದ್ದು ಇದೇ ಬಲಗಣ್ಣಿನಿಂದ. ಜಗತ್ತಿನಲ್ಲಿ ಅನುಮಾನಪಡದೆ ನಾನು ಇಟ್ಟುಕೊಂಡಿದ್ದುದು ಇದೊಂದನ್ನೇ. ರಸ್ತೆಯ ಬದಿಯ ಕಲ್ಲಿನ ಮೇಲೆ ಕೂತೆ.

“ನನಗ ಭಾಳ ದಿನದಿಂದ ಅನುಮಾನ ಇತ್ರಿ,” ಎಂದಳು ಅವಳು ಪಕ್ಕದಲ್ಲಿ ನಿಂತು. “ಚಾ ಕಪ್ಪಿನ ಹೊರಗ ಸುರೀತೀರಿ. ಬಜಾರದಾಗ ಮಂದಿ ನಮಸ್ಕಾರ ಅಂದ್ರ ಬ್ಯಾರೆ ಕಡೆ ನೋಡ್ತೀರಿ. ನಿನ್ನಿ ಕ್ಯಾಲೆಂಡರ್ ಓದಾಕ ಆಗಲಿಲ್ಲ. ಅದಕ್ಕ ಆಕೀನ್ನ ಗಾಡಿಗೆ ಹಚ್ಚಿಸಿದ್ದು. ಕಣ್ಣಿಗೆ ಕಾಣದಿದ್ರ ಕಿವಿಗರ ಕೇಳಲಿ ಅಂತ.”

“ಮೊದಲ ಹೇಳಬೇಕಿಲ್ಲ?”

“ಹೇಳಿದ್ರ ನಂಬ್ತಿದ್ರೇನು?”

ಎದ್ದು ಗಾಡಿ ಚಾಲೂ ಮಾಡಿ, ಹತ್ತು, ನಿಧಾನವಾಗಿ ಹೋಗೋಣ ಎಂದೆ.

“ನಾ ಹತ್ತಂಗಿಲ್ಲ,” ಎಂದಳು. ಹರಿದ ಪಟ್ಟಿಯ ಚೀಲವನ್ನು ಬಿಚ್ಚಿ ಹೆಗಲಿಗೆ ಹಾಕಿಕೊಂಡು ಕಚ್ಚಾ ರಸ್ತೆಗಿಳಿದು ನಡೆದೇಬಿಟ್ಟಳು. ನಾನು ಗಾಡಿ ದೂಡುತ್ತ ಹಿಂದಿನಿಂದ ನಡೆದೆ. ಕಮತಗಿಯವರೆಗೆ ಮಾತಾಡಿದವಳು ಫೋನಿನವಳು ಒಬ್ಬಳೇ. ನಮ್ಮ ಗತಿ ನೋಡಿ ಆಕೆಗೂ ಗೊಂದಲವಾಗಿರಬೇಕು. ಕಮತಗಿಯಲ್ಲಿ ಗಿರಿಜಾಳ ಅಂಗನವಾಡಿಯ ಗೆಳತಿಯೊಬ್ಬಳ ಅಂಗಳದಲ್ಲಿ ಗಾಡಿ ಬಿಟ್ಟು ಬಸ್ಸು ಹಿಡಿದು ಬಾಗಲಕೋಟೆಗೆ ಮರಳಿದೆವು. ಮದುವೆಗೆ ಇನ್ನೂ ದಿನಗಳಿದ್ದವು, ಸೀರೆಗಳು ಕಾಯಬಹುದಿತ್ತು. ಬಸ್ಸಿನ ಕಿಟಕಿಯಿಂದ ಹಾದುಹೋದ ಅಂಗಡಿಗಳ ಹೆಸರನ್ನೆಲ್ಲ ಒಂದು ಸಲ ಆ ಕಣ್ಣಿನಿಂದ, ಒಂದು ಸಲ ಈ ಕಣ್ಣಿನಿಂದ ಓದಲು ನೋಡಿದೆ. ಗಿರಿಜಾ ನೋಡಿಯೂ ನೋಡದವಳಂತೆ ಕೂತಿದ್ದಳು.

ಕಣ್ಣಿನ ದವಾಖಾನೆಯ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಪೊರೆ ಬಲಿತಿದೆ, ತೆಗೆದು ಮಸೂರ ಕೂಡಿಸಬೇಕು, ಎಡಗಣ್ಣಿನಲ್ಲೂ ಶುರುವಾಗಿದೆ ಎಂದಳು. ಮಸೂರ ಎಲ್ಲಿಯದು, ಈಗ ತೋರಿಸಿದ್ದನ್ನೇ ಹಾಕುತ್ತೀರೆಂದು ಏನು ಖಾತ್ರಿ ಎಂದು ಕೇಳಿದೆ.

“ಅಜ್ಜಾರ, ನಿಮ್ಮ ಕಣ್ಣಾಗ ಬ್ಯಾರೇದು ಹಾಕಿ ನಾ ಏನ್ ಗಳಸ್ಲಿರಿ?” ಎಂದಳು ಅವಳು. ಅಜ್ಜ ಎಂದದ್ದಕ್ಕೆ ಆ ದಿನವಿಡೀ ಸಿಟ್ಟಿನಲ್ಲಿದ್ದೆ. ಶಸ್ತ್ರಚಿಕಿತ್ಸೆಯ ಹೆದರಿಕೆ ಅದರಲ್ಲಿ ಮರೆತೇಹೋಯಿತು. ಪಟ್ಟಿ ಬಿಚ್ಚಿದಾಗ ಮೊದಲು ಕಂಡದ್ದು ಗೋಡೆ. ಅಷ್ಟು ಬಿಳಿಯ ಗೋಡೆಯನ್ನು ನಾನು ಕಂಡೇ ಇರಲಿಲ್ಲ. ನನ್ನನ್ನು ಮೆಚ್ಚಿಸಲಿಕ್ಕೆಂದು ನಿನ್ನೆಯೇ ಸುಣ್ಣ ಹೊಡೆಸಿರಬೇಕು ಎನಿಸಿ, ಯಾರೂ ಇಲ್ಲದಾಗ ಬೆರಳಿನಿಂದ ಉಜ್ಜಿ ನೋಡಿದೆ. ಬೆರಳಿಗೆ ಸುಣ್ಣ ಹತ್ತಲಿಲ್ಲ. ಆಮೇಲೆ ಗಿರಿಜಾ ಒಳಗೆ ಬಂದಳು. ಅವಳ ಕೂದಲು ಅಷ್ಟೊಂದು ಬೆಳ್ಳಗಾದದ್ದು ಯಾವಾಗ?

ತಾನು ಹೇಳುವವರೆಗೆ ಗಾಡಿ ಮುಟ್ಟಕೂಡದೆಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದಳು. ದಸರಾ ಸೂಟಿಗೆ ನೀಲಾ ಬಂದು ನಮ್ಮಲ್ಲೇ ಉಳಿದಳು. ಕಮತಗಿಯಿಂದ ಗಾಡಿಯನ್ನು ತಂದು ನಿಲ್ಲಿಸಿದವಳೂ ಅವಳೇ. ಕರಿ ಕನ್ನಡಕ ಹಾಕಿಕೊಂಡು ಕಟ್ಟೆಯ ಮೇಲೆ ಕೂತು ಅದನ್ನು ನೋಡುವುದಷ್ಟೇ ನನ್ನ ಕೆಲಸ. ಹಾಗೆ ನೋಡುತ್ತಿರುವಾಗ ಒಂದು ದಿನ ಅನಿಸಿತು, ಗಾಡಿಯ ಕನ್ನಡಿ ಕೆಳಗೆ ಬಾಗಿದೆ. ನನ್ನ ಎತ್ತರದವನು ಹಾಗೆ ಇಡುವುದಿಲ್ಲ. ಚಕ್ರದಲ್ಲಿ ಹಸಿ ಕೆಮ್ಮಣ್ಣು. ಮನೆಯೊಳಗೆ ಹೋಗಿ ನೋಡಿದರೆ ಬಲಚೀಲ ಇಲ್ಲ, ಮಂಚದ ಕೆಳಗಿನ ಎಡಚೀಲವೂ ಇಲ್ಲ!

ಗಿರಿಜಾಳನ್ನು ಕೇಳಿದರೆ, “ಪಟ್ಟಿ ಹೊಲಸಾಕ ಕೊಟ್ಟೀನಿ,” ಎಂದಳು. ಎಡಚೀಲದ ಪಟ್ಟಿ ಎಲ್ಲಿ ಹರಿದಿತ್ತು? ಸಂಜೆ ಮೆಲ್ಲಗೆ ಹೊರಗೆ ಹೋಗಿ ಹಿಂದಿನ ಚಕ್ರದ ಮೇಲೂ ನೆಲದ ಮೇಲೂ ಸೀಮೆಸುಣ್ಣದಿಂದ ಒಂದೇ ಗೆರೆ ಎಳೆದೆ. ಮರುದಿನ ನಸುಕಿನಲ್ಲಿ ಎರಡೂ ಕೂಡಿಯೇ ಇದ್ದವು, ಮಧ್ಯಾಹ್ನ ನೋಡಿದರೆ ನೆಲದ ಗೆರೆ ಎಲ್ಲೋ, ಚಕ್ರದ ಗೆರೆ ಎಲ್ಲೋ. ಕಳ್ಳ ಬೆಳಗಿನ ಹೊತ್ತಿನಲ್ಲೇ ಬರುತ್ತಾನೆಂದು ತಿಳಿಯಿತು. ಆ ಹೊತ್ತಿಗೆ ನನ್ನ ಕಣ್ಣಿಗೆ ಔಷಧ ಹಾಕಿ, ಕಣ್ಣು ಮುಚ್ಚಿಕೊಂಡು ಮಲಗಿರಬೇಕೆಂದು ಹೇಳಿ ಅಕ್ಕತಂಗಿಯರು ಕಾಯಿಪಲ್ಯಕ್ಕೆ ಹೋಗುತ್ತಿದ್ದರು.

ಮರುದಿನ ಅವರು ಹೊರಬಿದ್ದೊಡನೆ ಎದ್ದೆ. ಅಂಗಳದಲ್ಲಿ ಗಾಡಿ ಇರಲಿಲ್ಲ. ಕರಿ ಕನ್ನಡಕ ಹಾಕಿಕೊಂಡು ಕೆಮ್ಮಣ್ಣಿನ ಜಾಡು ಹಿಡಿದು ನಡೆದೆ. ನಮ್ಮ ನವನಗರದ ಕೊನೆಯಲ್ಲಿ ರಸ್ತೆಗಳಾಗಿಯೂ ಮನೆಗಳಾಗದ ಸೆಕ್ಟರುಗಳಿವೆ. ಅಲ್ಲಿ, ಜಾಲಿ ಬೆಳೆದ ಖಾಲಿ ಜಾಗಗಳ ನಡುವೆ, ನನ್ನ ಗಾಡಿ ದೊಡ್ಡ ಸುತ್ತು ಹಾಕುತ್ತಿತ್ತು. ಮೇಲೆ ಹೆಲ್ಮೆಟ್ಟು, ಚೂಡಿದಾರ. ಎರಡೂ ಮಗ್ಗುಲಿಗೆ ನನ್ನ ಚೀಲಗಳು ಉಬ್ಬಿ ಜೋತಿದ್ದವು. ಹಿಂದಿನ ಸೀಟಿಗೆ ಒಂದು ಗೋಣಿಚೀಲ ಬಿಗಿದಿತ್ತು. ಕಳ್ಳನಲ್ಲ, ಕಳ್ಳಿ, ಮಾಲು ಸಮೇತ ಸಿಕ್ಕಿಬಿದ್ದಳಲ್ಲ ಎನಿಸಿ, “ಏಯ್! ನಿಲ್ಲು!” ಎಂದು ಕೂಗಿದೆ.

ಗಾಡಿ ಮುಗ್ಗರಿಸಿ ಬಂದ್ ಆಯಿತು. ಹೆಲ್ಮೆಟ್ಟಿನ ಒಳಗಿಂದ ಗಿರಿಜಾ ಹೊರಬಂದಳು. ದೂರದಲ್ಲಿ ಕಲ್ಲಿನ ಮೇಲೆ ಕೂತಿದ್ದ ನೀಲಾ ಎದ್ದು ನಿಂತಳು.

“ಹಿಂದೇನದು?” ಎಂದು ಗೋಣಿಚೀಲ ತೋರಿಸಿದೆ.

“ನೀವು,” ಎಂದಳು. “ಜೋಳ ತುಂಬೀನಿ. ನಿಮ್ಮ ತೂಕ ಹಾಕಿ ರೂಢಿ ಮಾಡ್ಕೊಳ್ಳಾಕತ್ತೀನಿ.”

ಮದುವೆಯ ಹೊಸದರಲ್ಲಿ ಪೆಡಲಿದ್ದ ಸಣ್ಣ ಗಾಡಿಯ ಮೇಲೆ ಅವಳು ಹಳ್ಳಿಯ ಅಂಗನವಾಡಿಗೆ ಹೋಗಿಬರುತ್ತಿದ್ದದ್ದು ನನಗೆ ಮರೆತೇಹೋಗಿತ್ತು. ಗೇರಿನ ಗಾಡಿಗೆ ಲೈಸೆನ್ಸು ಬೇಕಲ್ಲ ಎಂದೆ. ಪರೀಕ್ಷೆಗೂ ನೀಲಾ ಕರೆದುಕೊಂಡು ಹೋಗಿ ಬಂದಾಗಿತ್ತು.

“ಬಸ್ಸಿಗೆ ಹೋಗಿ ಸೀರಿ ತರಬಹುದಿತ್ತಲ್ಲ,” ಎಂದೆ.

“ತರಬಹುದಿತ್ತು.” ಅವಳು ಹ್ಯಾಂಡಲ್ಲಿನ ಮೇಲಿನ ಧೂಳು ಒರೆಸುತ್ತ ನಿಂತಳು. “ಅವತ್ತ ಆ ತಗ್ಗಿನ ಮುಂದ ನಿಂತಾಗ ನನಗ ಒಂದ ಅನಿಸ್ತು ನೋಡ್ರಿ. ಬೋರ್ಡ್ ನನಗ ಕಂಡಿತ್ತು, ಬ್ರೇಕ್ ನಿಮ್ಮ ಕಾಲಾಗ ಇತ್ತು. ಕಂಡೂ ಬರೇ ಒದರೂದು ಅಷ್ಟ ನನ್ನ ಕೆಲಸ ಆಯ್ತಲ್ಲ ಅಂತ.”

ಇಳಕಲ್ಲಿಗೆ ಹೊರಟ ಬೆಳಿಗ್ಗೆ ಹೆಲ್ಮೆಟ್ಟಿನ ಬಿಲ್ಲೆ ಅವಳ ಕಿವಿಗೆ ಹೋಯಿತು. ಆ ದನಿ ಅವಳಿಗೆ ಏನೇನು ಹೇಳುತ್ತಿದೆಯೋ ನನಗೆ ಕೇಳುವಂತಿರಲಿಲ್ಲ. ಅವರಿಬ್ಬರೂ ಸೇರಿ ನನ್ನ ಬಗ್ಗೆ ಏನಾದರೂ ಆಡಿಕೊಂಡರೂ ಗೊತ್ತಾಗುವ ಹಾಗಿಲ್ಲ. ಕಮತಗಿ ದಾಟಿ ಅಮೀನಗಡದ ಕಡೆಗೆ ಹೊರಳಿದೆವು. ಬಲಕ್ಕೆ ತೊಗರಿ ಹಳದಿ ಹೂ ಬಿಟ್ಟು ನಿಂತಿತ್ತು, ಎಡಕ್ಕೆ ಉಳ್ಳಾಗಡ್ಡಿಯ ಹೊಲಗಳು. ಗಾಡಿಯ ವೇಗ ತಟ್ಟನೆ ಕಡಿಮೆಯಾಯಿತು.

“ಯಾಕ? ಪೆಟ್ರೋಲ್ ತೀರಿತೇನು? ಚಕ್ರದಾಗ ಗಾಳಿ ಹೋತೇನು?” ಎಂದು ಬಗ್ಗಿ ನೋಡ ಹೋದೆ.

“ಏನೂ ಆಗಿಲ್ರಿ.” ಅವಳ ಮಾತು ಗಾಳಿಯಲ್ಲಿ ತುಂಡುತುಂಡಾಗಿ ಬಂತು. “ನಿಮ್ಮ ಅಕ್ಕಾರ ಮನಿಗೆ ಎಷ್ಟ ಸಲ ಬಂದೀನಿ ಈ ದಾರ್ಯಾಗ! ಸೀರಿ ಉಟ್ಟು ಒಂದ ಮಗ್ಗಲಕ್ಕ ಕುಂತು. ಹೋಗೋವಾಗ ಈ ಬಾಜೂದ ಹೊಲ ನೋಡ್ತಿದ್ದೆ, ಬರೋವಾಗ ಆ ಬಾಜೂದು. ಎರಡೂ ಬಾಜೂ ಕೂಡೇ ಇವತ್ತ ನೋಡಾಕತ್ತೀನಿ. ಸ್ವಲ್ಪ ಸಾವಕಾಶ ಹೋಗೂಣು.”

ನಾನು ಅವಳ ಭುಜದ ಮೇಲಿಂದ ಮುಂದೆ ನೋಡಲೆಂದು ಒಂದು ಕಡೆಗೆ ಸರಿದೆ.

“ಅಲುಗಾಡಬ್ಯಾಡ್ರಿ. ಗಾಡಿ ವಾಲತೈತಿ.”

ಇಳಕಲ್ ಬರುವವರೆಗೆ ನಾನು ಅಲುಗಾಡಲಿಲ್ಲ.